ಮುಖ ಬೇರೆ, ಕಂಠ ಬೇರೆ: ಬೀಳಗಿಯ ಅಮೀರಬಾಯಿ ಕರ್ನಾಟಕಿ ಅವರ ಕಸುಬಿನ ಕುರಿತು ಒಂದು ಟಿಪ್ಪಣಿ

1. ಪ್ರಶ್ನೆ

ಹಿಂದಿ ಚಿತ್ರಗೀತೆಯ ಚರಿತ್ರೆ ಬರೆದವರೆಲ್ಲ 1940ರ ದಶಕಕ್ಕೆ ಬಂದಾಗ ಅಮೀರಬಾಯಿ ಕರ್ನಾಟಕಿ ಅವರ ಹೆಸರು ಹೇಳುತ್ತಾರೆ. ಜೋಹ್ರಾಬಾಯಿ ಅಂಬಾಲೆವಾಲಿ, ರಾಜಕುಮಾರಿ, ಶಂಶಾದ್ ಬೇಗಂ ಇವರ ಸಾಲಿನಲ್ಲಿ ಹಿನ್ನೆಲೆ ಗಾಯಕಿ ಎಂದು ಆ ಹೆಸರು ಬರುತ್ತದೆ. ಲತಾ ಮಂಗೇಶಕರ್ ಬಂದ ಮೇಲೆ ಮರೆಯಾದವರ ಪಟ್ಟಿಯಲ್ಲಿ ಇನ್ನೊಮ್ಮೆ ಬಂದು ಮುಗಿಯುತ್ತದೆ. ಕನ್ನಡದಲ್ಲಿ ಅವರನ್ನು ‘ಕನ್ನಡ ಕೋಗಿಲೆ’ ಎಂದು ನೆನೆಯುವವರಿದ್ದಾರೆ. ರಹಮತ್ ತರೀಕೆರೆ ಅವರು ಅಮೀರಬಾಯಿ ಅವರ ಬದುಕನ್ನು ಕುರಿತು ಪುಸ್ತಕವನ್ನೇ ಬರೆದ ಮೇಲೆ ಈ ನೆನಪಿಗೆ ಗಟ್ಟಿಯಾದ ನೆಲೆ ಸಿಕ್ಕಿದೆ. ಆದರೂ ಕೋಶಗಳಲ್ಲಿ, ಲೇಖನಗಳಲ್ಲಿ ಅವರನ್ನು ಯಾವ ಕಸುಬಿನ ಕೆಳಗೆ ದಾಖಲಿಸಬೇಕು ಎಂಬುದು ಇನ್ನೂ ನೆಟ್ಟಗಾಗಿಲ್ಲ. ಒಂದು ಕಡೆ ನಟಿ, ಇನ್ನೊಂದು ಕಡೆ ಗಾಯಕಿ, ಮತ್ತೊಂದು ಕಡೆ ಹಿನ್ನೆಲೆ ಗಾಯಕಿ.

ಅವರ ಕಸುಬು ಕಂಪನಿ ನಾಟಕ ರೂಪಿಸಿದ ‘ಹಾಡುವ ನಟಿ’ಯದು ಎಂಬುದು ಈ ಟಿಪ್ಪಣಿಯ ವಾದ. ಅಭಿನಯ ಮತ್ತು ಗಾಯನ ಒಂದೇ ಮೈಯಲ್ಲಿ ನಿಂತಿದ್ದ ಈ ಕಸುಬನ್ನು ಚಲನಚಿತ್ರದ ತಂತ್ರಜ್ಞಾನ ಎರಡಾಗಿ ಸೀಳಿತು. ಅಮೀರಬಾಯಿ ಅವರ ಏಳಿಗೆಗೂ ಇಳಿಕೆಗೂ ಆ ಸೀಳಿಕೆಯೇ ಮುಖ್ಯ ಕಾರಣ. ಹೊಸ ಗಾಯಕಿಯ ಆಗಮನ ಅದರ ಕೊನೆಯ ಹಂತ ಮಾತ್ರ.

2. ಈ ಸೀಮೆಯ ಹಳೆಯ ದಾಖಲೆ

ಅಮೀರಬಾಯಿ ಹುಟ್ಟಿದ್ದು ಬೀಳಗಿಯಲ್ಲಿ. ಮಲಪ್ರಭೆಯ ದಂಡೆಯ ಪಟ್ಟದಕಲ್ಲು, ಅದರ ನೆರೆಯ ಬಾದಾಮಿ, ಘಟಪ್ರಭೆ ದಾಟಿದ ಮೇಲೆ ಸಿಗುವ ಬೀಳಗಿ ಎಲ್ಲವೂ ಈಗ ಬಾಗಲಕೋಟೆ ಜಿಲ್ಲೆಗೆ ಸೇರಿವೆ. 1997ರವರೆಗೆ ಇವೆಲ್ಲ ಬಿಜಾಪುರ ಜಿಲ್ಲೆಯ ಭಾಗ. 1956ಕ್ಕೆ ಮೊದಲು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಆಡಳಿತದ ಈ ವಿವರ ಮುಂದೆ ಕೆಲಸಕ್ಕೆ ಬರುತ್ತದೆ. ಅದಕ್ಕೆ ಮೊದಲು, ಈ ಸೀಮೆ ತನ್ನ ಕಲಾವಿದರನ್ನು ಹೇಗೆ ದಾಖಲಿಸಿತ್ತು ಎಂಬುದನ್ನು ನೋಡಬೇಕು.

ಪಟ್ಟದಕಲ್ಲಿನ ವಿರೂಪಾಕ್ಷ ದೇಗುಲವನ್ನು ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಎಲ್ಲರಿಗೂ ಗೊತ್ತು. ಕಂಚಿಯನ್ನು ಮೂರು ಸಲ ಗೆದ್ದ ಗಂಡನ ನೆನಪಿಗೆ, ಎಂಟನೆಯ ಶತಮಾನದ ನಡುವಿನಲ್ಲಿ ಆದ ಕೆಲಸ ಅದು. ಅಲ್ಲಿಯ ಬರಹಗಳಲ್ಲಿ ಒಂದು ಹಾಡುಗಾರರಿಗೆ ಸಂಬಂಧಿಸಿದ್ದು. ಮಾವ ವಿಜಯಾದಿತ್ಯ ಗಾಂಧರ್ವರಿಗೆ ಕೊಟ್ಟಿದ್ದ ಕಟ್ಟುಪಾಡುಗಳನ್ನು ರಾಣಿ ಮತ್ತೆ ಸ್ಥಿರಪಡಿಸಿದಳೆಂದು ಅದು ಹೇಳುತ್ತದೆ. ಅಂದರೆ ಹಾಡುಗಾರರು ಇಂಥ ಷರತ್ತಿನ ಮೇಲೆ ಬದುಕಬೇಕು, ಅವರಿಗೆ ಇಂಥದು ಸಲ್ಲಬೇಕು ಎಂಬ ಒಪ್ಪಂದ ಆಗಲೇ ಇತ್ತು. ದೇಗುಲದ ಗೋಡೆಯೇರುವಷ್ಟು ಮಹತ್ವವೂ ಅದಕ್ಕಿತ್ತು. ಪಟ್ಟದಕಲ್ಲಿನದೇ ಇನ್ನೊಂದು ಬರಹ ಅಚಲ ಎಂಬ ನಟನನ್ನು ಹೊಗಳುತ್ತದೆ. ಭರತನ ಮತವನ್ನು ಹಿಡಿದು ನಡೆಯುವ ಈ ನಟನ ಮುಂದೆ ಎದುರಾಳಿ ನಟರು ಮದವಿಳಿದ ಆನೆಗಳಂತಾಗುತ್ತಾರೆ ಎಂಬ ಅರ್ಥದ ಮಾತು ಅಲ್ಲಿದೆ. ದೇಗುಲಕ್ಕೆ ದಾನ ಕೊಟ್ಟವರಲ್ಲಿ ಚಲಬ್ಬೆ, ಬಾದಿಪೊದ್ದಿ ಎಂಬ ಸೂಳೆಯರ ಹೆಸರುಗಳೂ ಸಿಗುತ್ತವೆ. ಬಾದಿಪೊದ್ದಿಯ ಉಲ್ಲೇಖವಿರುವುದು ರಾಷ್ಟ್ರಕೂಟ ಧ್ರುವನ ಕಾಲದ ಬರಹದಲ್ಲಿ.

ಇವಕ್ಕಿಂತ ವಿವರವಾದದ್ದು ಬಾದಾಮಿಯ ಹತ್ತಿರದ ಮಹಾಕೂಟದ ಕಂಬದ ಮೇಲಿನ ಕನ್ನಡ ಶಾಸನ. ಜೆ. ಎಫ್. ಫ್ಲೀಟ್ 1881ರಲ್ಲಿ ಅದನ್ನು ಪ್ರಕಟಿಸಿದರು. ವಿಜಯಾದಿತ್ಯನ ಪ್ರಾಣವಲ್ಲಭೆ, ವಿನಾಪೋಟಿ ಎಂಬ ಸೂಳೆ ಮಾಡಿದ ದಾನವನ್ನು ಅದು ಹೇಳುತ್ತದೆ. ಮೊದಲು ಅಜ್ಜಿ ರೇವಮಂಚಳ್, ಆಮೇಲೆ ಅವಳ ಮಗಳು ಕುಚಿಪೋಟಿ, ಆಮೇಲೆ ಅವಳ ಮಗಳು ವಿನಾಪೋಟಿ. ಮೂರು ತಲೆಮಾರಿನ ಹೆಣ್ಣು ಹೆಸರುಗಳು ಬಹುವಚನದ ಗೌರವದೊಂದಿಗೆ ಬರುತ್ತವೆ. ತಂದೆಯ ಹೆಸರಿನ ಸುಳಿವಿಲ್ಲ. ಹಿರಣ್ಯಗರ್ಭ ದಾನ ಮಾಡಿ, ದೇವರ ಪೀಠಕ್ಕೆ ಮಾಣಿಕ್ಯ ಕಟ್ಟಿಸಿ, ಬೆಳ್ಳಿಯ ಕೊಡೆ ಏರಿಸಿ, ಭೂಮಿ ಬಿಟ್ಟಳೆಂಬ ಪಟ್ಟಿ ಅಲ್ಲಿದೆ.

ಎಂಟನೆಯ ಶತಮಾನದ ಈ ಹೆಂಗಸರಿಂದ ಇಪ್ಪತ್ತನೆಯ ಶತಮಾನದ ಬೀಳಗಿಯ ಮುಸ್ಲಿಂ ಕುಟುಂಬಕ್ಕೆ ಒಂದು ಎಳೆ ಎಳೆಯುವುದು ಸಲ್ಲದು. ನಡುವೆ ಸಾವಿರದ ಇನ್ನೂರು ವರ್ಷಗಳಿವೆ. ಹೋಲಿಸಬಹುದಾದದ್ದು ದಾಖಲೆಯ ಬಗೆಯನ್ನು. ಆ ಬರಹಗಳಲ್ಲಿ ಕಸುಬು ಯಾವುದು, ಯಾರ ಮಗಳು, ಏನು ಕೊಟ್ಟಳು ಎಂಬ ಮೂರಕ್ಕೂ ಉತ್ತರವಿದೆ. ಅಮೀರಬಾಯಿ ಅವರ ವಿಷಯದಲ್ಲಿ ಮುದ್ರಿತ ಮಾಹಿತಿ ಇವುಗಳಲ್ಲಿ ಮೊದಲನೆಯದಕ್ಕೇ ಎಡವುತ್ತದೆ.

3. ಹುಟ್ಟಿದ ವರ್ಷ

ಅಮೀರಬಾಯಿ ಅವರ ಹುಟ್ಟಿನ ವರ್ಷವನ್ನು ಕೆಲವರು 1906 ಎನ್ನುತ್ತಾರೆ, ಕೆಲವರು 1912. ತೀರಿಕೊಂಡದ್ದು 1965ರ ಮಾರ್ಚ್ 3ರಂದು ಎಂಬುದರಲ್ಲಿ ಹೆಚ್ಚಿನ ಭಿನ್ನಮತವಿಲ್ಲ. ಆರು ವರ್ಷದ ಈ ಅಂತರ ಕ್ಷುಲ್ಲಕವೆಂದು ಬಿಡುವಂಥದ್ದಲ್ಲ. ಭಾರತದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ ತೆರೆಕಂಡದ್ದು 1931ರ ಮಾರ್ಚ್ 14ರಂದು. 1906 ನಿಜವಾದರೆ ಆಗ ಅಮೀರಬಾಯಿ ಅವರಿಗೆ ಇಪ್ಪತ್ತೈದರ ಆಸುಪಾಸು; ನಾಟಕ, ಬೈಠಕ್, ಗ್ರಾಮಫೋನ್ ಸೇರಿ ಸುಮಾರು ಒಂದು ದಶಕದ ಅನುಭವ ಹೊತ್ತೇ ಅವರು ಸಿನಿಮಾ ಹೊಕ್ಕಂತಾಯಿತು. 1912 ನಿಜವಾದರೆ ಹತ್ತೊಂಬತ್ತರ ಹುಡುಗಿ. ಹದಿನೈದನೆಯ ವಯಸ್ಸಿಗೆ ಮುಂಬಯಿಗೆ ಹೋದರೆಂಬ ಮಾತನ್ನು ಒಪ್ಪಿದರೆ ಆ ಪಯಣ 1921ರ ಸುಮಾರಿಗೋ 1927ರ ಸುಮಾರಿಗೋ ಬೀಳುತ್ತದೆ. ಯಾವ ಲೆಕ್ಕ ಹಿಡಿದರೂ ಒಂದು ಮಾತು ನಿಲ್ಲುತ್ತದೆ: ಸಿನಿಮಾ ಬಾಯಿಬಿಡುವುದಕ್ಕಿಂತ ಮೊದಲೇ ಅವರ ಗಂಟಲು ತಯಾರಾಗಿತ್ತು.

ಹೆಸರಿನ ಗೊಂದಲವೊಂದನ್ನೂ ಇಲ್ಲೇ ಬಿಡಿಸಬೇಕು. ಅಮೀರಬಾಯಿ ಅವರ ಅಕ್ಕ ಗೋಹರಬಾಯಿ ಕರ್ನಾಟಕಿ ಕೂಡ ಹೆಸರಾಂತ ನಟಿ, ಗಾಯಕಿ. ಗ್ರಾಮಫೋನ್ ತಟ್ಟೆಗೆ ಮೊದಮೊದಲು ಹಾಡಿ, 1928ರಿಂದ ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಕಲ್ಕತ್ತದ ಗೌಹರ್ ಜಾನ್ ಬೇರೆ. ಮುಂಬಯಿಯ ರಣಜಿತ್ ಸ್ಟುಡಿಯೋದ ತಾರೆ ಮಿಸ್ ಗೋಹರ್ ಬೇರೆ. ಈ ಮೂವರ ಹಾಡು, ಚಿತ್ರ, ಫೋಟೋಗಳು ಒಂದರೊಳಗೊಂದು ಬೆರೆತು ಓಡಾಡುವುದರಿಂದ, ಬೀಳಗಿಯ ಸೋದರಿಯರ ಮೇಲೆ ಕೆಲಸ ಮಾಡುವವರು ಮೊದಲು ಈ ಕಾಳನ್ನು ಹಸನು ಮಾಡಿಕೊಳ್ಳಬೇಕು.

4. ಕಂಪನಿ ನಾಟಕದ ಸೀಮೆ

ಬಿಜಾಪುರ, ಬೆಳಗಾವಿ, ಧಾರವಾಡ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದುದರಿಂದ ಇಲ್ಲಿಯ ರಂಗಭೂಮಿ ಎರಡು ಭಾಷೆಗಳ ನಡುವೆ ಬೆಳೆಯಿತು. ಕರ್ಕಿಯ ಭಾಗವತರ ಆಟ ನೋಡಿ ಸಾಂಗ್ಲಿಯ ವಿಷ್ಣುದಾಸ ಭಾವೆ ಮರಾಠಿ ನಾಟಕ ಆರಂಭಿಸಿದ್ದು 1843ರಲ್ಲಿ. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಮರಾಠಿ ಕಂಪನಿಗಳ ಅಬ್ಬರಕ್ಕೆ ಎದುರಾಗಿ ಕನ್ನಡ ನಾಟಕ ಆಡಿಸಬೇಕೆಂದು ಗದುಗಿನಲ್ಲಿ ಶಾಂತಕವಿಗಳು ಕೃತಪುರ ನಾಟಕ ಮಂಡಳಿ ಕಟ್ಟಿದರು. ಆಮೇಲೆ ಶಿರಹಟ್ಟಿ ವೆಂಕೋಬರಾಯರ ಕಂಪನಿ, ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಕಂಪನಿ ಬಂದವು. ಮಲ್ಲಿಕಾರ್ಜುನ ಮನ್ಸೂರರು ಬಾಲಕನಾಗಿ ಬಣ್ಣ ಹಚ್ಚಿದ್ದು ವಾಮನರಾಯರ ಕಂಪನಿಯಲ್ಲಿಯೇ. ಹುನಗುಂದ ಸೀಮೆಯ ಕಂದಗಲ್ಲಿನ ಹನುಮಂತರಾಯರು (1896–1966) ‘ರಕ್ತರಾತ್ರಿ’, ‘ಕುರುಕ್ಷೇತ್ರ’ದಂಥ ನಾಟಕಗಳನ್ನು ಬರೆದು ಕಂಪನಿಗಳಿಗೆ ಕೊಟ್ಟರು.

ಈ ಕಂಪನಿಗಳು ಜಾತ್ರೆಯಿಂದ ಜಾತ್ರೆಗೆ ಸಾಗುತ್ತಿದ್ದವು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ಒಂದರ ಮಗ್ಗುಲಿಗೆ ಒಂದು ಕಂಪನಿ ಥೇಟರು ಹಾಕಿ ವಾರಗಟ್ಟಲೆ ಕ್ಯಾಂಪ್ ಮಾಡುವುದನ್ನು ಕಾಣಬಹುದು. ಹಾಡುವ ನಟಿಯ ಕಸುಬು ಏನೆಂಬುದು ಅರ್ಥವಾಗಬೇಕಾದರೆ ಮೈಕು ಬರುವ ಮುಂಚಿನ ಇಂಥ ಥೇಟರನ್ನು ಮನಸ್ಸಿಗೆ ತಂದುಕೊಳ್ಳಬೇಕು. ತಗಡು, ತಟ್ಟು, ಬಿದಿರಿನ ಗೋಡೆ. ಹೊರಗೆ ಜಾತ್ರೆಯ ಗದ್ದಲ. ಒಳಗೆ ಹಿಂದಿನ ಸಾಲಿನವನಿಗೂ ಮಾತು ಮುಟ್ಟಬೇಕು. ನಟಿ ಮಾತಾಡುತ್ತ ಆಡುತ್ತಲೇ ಶ್ರುತಿ ಹಿಡಿಯಬೇಕು. ರಂಗದ ಮುಂದೆ ಕುಳಿತ ಪೆಟ್ಟಿಗೆ ಮಾಸ್ತರ ಕಾಲಿನಿಂದ ತಿದಿ ಒತ್ತುತ್ತ ಸ್ವರ ಕೊಡುತ್ತಾನೆ. ಆಕೆ ಮಾತಿನ ಕೊನೆಯ ಅಕ್ಷರವನ್ನು ಆ ಸ್ವರದ ಮೇಲೆ ಇಟ್ಟು ಪದಕ್ಕೆ ಏರುತ್ತಾಳೆ. ಜನ ‘ಒನ್ಸ್ ಮೋರ್’ ಎಂದರೆ ಸತ್ತ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಬೇಕು. ಮರಳಿ ಹಾಡುವಾಗ ಮೊದಲಿನಂತೆಯೇ ಹಾಡಿದರೆ ಸಾಲದು, ಒಂದೆರಡು ಹೊಸ ತಾನ ಹಾಕಬೇಕು. ಹಾಗಾಗಿ ಕಂಠ ದೊಡ್ಡದಿರಬೇಕು, ಶಬ್ದ ಸ್ಪಷ್ಟವಿರಬೇಕು, ಮೂಗು-ಎದೆ ಎರಡರ ನಾದವೂ ಬೆರೆತಿರಬೇಕು. ಇದರ ಜೊತೆಗೆ ಕನ್ನಡ, ಮರಾಠಿ, ಉರ್ದು ಮೂರೂ ನಾಲಿಗೆಯ ಮೇಲೆ ಆಡಬೇಕು. ಬೀಳಗಿಯ ಸೋದರಿಯರು ಹುಟ್ಟಿ ಬೆಳೆದ ಹಾಡು-ನಾಟಕದ ಮನೆತನಕ್ಕೆ ಈ ಶಿಕ್ಷಣ ಹೊರಗಿನಿಂದ ತರುವಂಥದ್ದಾಗಿರಲಿಲ್ಲ.

ಇದೇ ತಲೆಮಾರಿನ ಗಂಗೂಬಾಯಿ ಹಾನಗಲ್ಲರ (1913–2009) ಜೊತೆ ಇಟ್ಟು ನೋಡಿದರೆ ದಾರಿಗಳು ಎಲ್ಲಿ ಕವಲೊಡೆದವು ಎಂಬುದು ತಿಳಿಯುತ್ತದೆ. ಅವರೂ ಹಾಡುಗಾರ ತಾಯಿಯ ಮಗಳು. 1930ರ ದಶಕದ ಮೊದಲಲ್ಲಿ ‘ಗಾಂಧಾರಿ ಹುಬಳಿ’ ಎಂಬ ಹೆಸರಿನಲ್ಲಿ ಎಚ್‌ಎಂವಿ ತಟ್ಟೆಗಳಿಗೆ ಹಾಡಿದವರು. ಆಮೇಲೆ ಸವಾಯಿ ಗಂಧರ್ವರ ಶಿಷ್ಯೆಯಾಗಿ ಕಛೇರಿಯ ದಾರಿ ಹಿಡಿದರು. ಅಲ್ಲಿ ಮುಖ-ಕಂಠ ಬೇರೆಯಾಗುವ ಪ್ರಶ್ನೆಯೇ ಇಲ್ಲ. ಅಮೀರಬಾಯಿ ಹಿಡಿದದ್ದು ನಾಟಕದಿಂದ ಸಿನಿಮಾಕ್ಕೆ ಹೋಗುವ ದಾರಿ.

5. ಅಕ್ಕನ ಹಾದಿ

ಗೋಹರಬಾಯಿ ಅವರ ಕತೆ ಮರಾಠಿ ರಂಗಭೂಮಿಯಲ್ಲಿ ಹೆಚ್ಚಾಗಿ ದೂರಿನ ದನಿಯಲ್ಲೇ ಕೇಳಿಬರುತ್ತದೆ. ಬಾಲಗಂಧರ್ವರು (1888–1967) ಹೆಣ್ಣು ಪಾತ್ರಗಳಿಗೆ ಇಡೀ ಪಶ್ಚಿಮ ಭಾರತದಲ್ಲಿ ಹೆಸರಾದವರು. ಅವರು ಉಡುವ ಸೀರೆಯ ಬಗೆ ನೋಡಿ ಮನೆತನಸ್ಥ ಹೆಂಗಸರು ಸೀರೆ ಆರಿಸುತ್ತಿದ್ದರು. 1913ರಲ್ಲಿ ಅವರು ಕಟ್ಟಿದ ಗಂಧರ್ವ ನಾಟಕ ಮಂಡಳಿ ಸಾಲದಲ್ಲಿ ಮುಳುಗಿ, ಸಿನಿಮಾದ ಪ್ರಯೋಗವೂ ಕೈಕೊಟ್ಟ ಮೇಲೆ, 1930ರ ದಶಕದ ಕೊನೆಯಲ್ಲಿ ಗೋಹರಬಾಯಿ ಆ ಕಂಪನಿ ಸೇರಿದರು. ಬಾಲಗಂಧರ್ವರು ಹೆಣ್ಣಾಗಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಹೆಣ್ಣೇ ನಿಂತಳು. 1951ರಲ್ಲಿ ಇಬ್ಬರೂ ಮದುವೆಯಾದರು. ಬಾಲಗಂಧರ್ವರ ಗಾಯನಶೈಲಿಯನ್ನು ಎಳೆ ಎಳೆಯಾಗಿ ಕೇಳಿ ಕಲಿತ ಗೋಹರಬಾಯಿ 1964ರಲ್ಲಿ ತೀರಿಕೊಂಡರು.

ಈ ಟಿಪ್ಪಣಿಗೆ ಬೇಕಾದ ಅಂಶ ಇದು: ಗಂಡಸು ಹೆಣ್ಣಾಗಿ ಹಾಡುವುದನ್ನು ಬಾಯ್ತುಂಬ ಮೆಚ್ಚಿದ ಪ್ರೇಕ್ಷಕ, ಹೆಣ್ಣೇ ಆ ಪಾತ್ರಕ್ಕೆ ಬಂದಾಗ ಮುಖ ಗಂಟು ಹಾಕಿದ. ಮುಸ್ಲಿಂ ಹೆಂಗಸು, ಕನ್ನಡದವಳು, ‘ಬಾಯಿ’ ಮನೆತನದವಳು ಎಂಬ ಮೂರೂ ಕಾರಣ ಅದರೊಳಗಿದ್ದವು. ರಂಗದ ಮೇಲೆ ಮುಖ ತೋರಿಸಿ ಹಾಡುವುದಕ್ಕೆ ಹೆಣ್ಣು ತೆರಬೇಕಾದ ಬೆಲೆ ಎಷ್ಟೆಂಬುದನ್ನು ತಂಗಿ ಹತ್ತಿರದಿಂದ ಕಂಡಿದ್ದರು ಎಂದು ಊಹಿಸಲು ಅಡ್ಡಿಯಿಲ್ಲ.

6. ಮುಂಬಯಿ: 1934ರಿಂದ 1943

ಅಕ್ಕನ ನೆರವಿನಿಂದ ಅಮೀರಬಾಯಿ ಅವರಿಗೆ 1934ರ ‘ವಿಷ್ಣುಭಕ್ತಿ’ ಚಿತ್ರದಲ್ಲಿ ಪಾತ್ರ ಸಿಕ್ಕಿತೆಂದು ಬರೆದವರು ಸಾಮಾನ್ಯವಾಗಿ ಒಪ್ಪುತ್ತಾರೆ. ಅದಕ್ಕೆ ಮೊದಲೇ ಎಚ್‌ಎಂವಿ ಕಂಪನಿ ಅವರಿಂದ ಹಾಡಿಸಿದ ಕವ್ವಾಲಿಯೊಂದು ಜನರ ಕಿವಿಗೆ ಬಿದ್ದಿತ್ತು. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ ತೆರೆಕಂಡದ್ದೂ ಇದೇ 1934ರಲ್ಲಿ. ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಬೀಳಗಿಯ ನಟಿಗೆ ಬೆಂಗಳೂರಿಗಿಂತ ಕೊಲ್ಹಾಪುರ, ಪುಣೆ, ಮುಂಬಯಿ ಹತ್ತಿರವಾಗಿದ್ದವು. ಕನ್ನಡಕ್ಕೆಂದೇ ಒಂದು ಗಟ್ಟಿ ಚಿತ್ರೋದ್ಯಮ ಆಗ ಎಲ್ಲಿಯೂ ಇರಲಿಲ್ಲ. ಆದ್ದರಿಂದ ಅವರು ಹಿಂದಿಗೆ ‘ಹೋದರು’ ಎನ್ನುವುದಕ್ಕಿಂತ, ಮುಂಬಯಿ ಪ್ರಾಂತದ ಕಲಾವಿದೆಯೊಬ್ಬರು ತಮ್ಮ ರಾಜಧಾನಿಗೆ ಹೋದರು ಎನ್ನುವುದು ಆ ಕಾಲಕ್ಕೆ ಒಪ್ಪುವ ಮಾತು.

ಆಗಿನ ಚಿತ್ರೀಕರಣದಲ್ಲಿ ನಟಿ ಕ್ಯಾಮೆರಾದ ಮುಂದೆ ನಿಂತೇ ಹಾಡುತ್ತಿದ್ದಳು. ವಾದ್ಯದವರು ಚೌಕಟ್ಟಿನಾಚೆ ಕುಳಿತಿರುತ್ತಿದ್ದರು. ಇದು ಕಂಪನಿ ನಾಟಕದ ಕೌಶಲವನ್ನೇ ಬೇಡುತ್ತಿತ್ತು. 1935ರಲ್ಲಿ ಕಲ್ಕತ್ತದ ನ್ಯೂ ಥಿಯೇಟರ್ಸ್ ‘ಧೂಪ್ ಛಾಂವ್’ ಚಿತ್ರದಲ್ಲಿ ಹಿನ್ನೆಲೆ ಗಾಯನವನ್ನು ಬಳಸಿತು: ಹಾಡನ್ನು ಮೊದಲೇ ಮುದ್ರಿಸಿಕೊಂಡು ಆಮೇಲೆ ನಟಿಯ ತುಟಿ ಹೊಂದಿಸುವ ಪದ್ಧತಿ. ಅದು ಎಲ್ಲೆಡೆ ನೆಲೆಯೂರಲು ಸುಮಾರು ಒಂದು ದಶಕ ಹಿಡಿಯಿತು. ಅಮೀರಬಾಯಿ ಅವರ ವೃತ್ತಿಯ ಮುಖ್ಯ ಭಾಗ ಸರಿಯಾಗಿ ಈ ದಶಕದೊಳಗೆ ಬೀಳುತ್ತದೆ.

ವಿಜಯ್ ಭಟ್ ಅವರ ಪ್ರಕಾಶ್ ಪಿಕ್ಚರ್ಸ್‌ನ ಪುರಾಣ-ಭಕ್ತಿ ಚಿತ್ರಗಳಲ್ಲಿ ಅವರಿಗೆ ಕೆಲಸ ಸಿಕ್ಕಿತು. 1940ರ ‘ನರಸಿ ಭಗತ್’ ಚಿತ್ರದ ಮೂಲಕ ನರಸಿ ಮೆಹತಾ ಅವರ ಪ್ರಸಿದ್ಧ ಭಜನೆ ಅವರ ಕಂಠದಲ್ಲಿ ನಾಡಿನ ತುಂಬ ಹೋಯಿತು. ಗಾಂಧೀಜಿ ಅದನ್ನು ಮೆಚ್ಚಿದರೆಂಬ ಮಾತು ಅವರ ಬಗ್ಗೆ ಬರೆದ ಕಡೆಯೆಲ್ಲ ಬರುತ್ತದೆ. ಪುರಾಣದ ಕಥೆ, ಎತ್ತರದ ಮಾತು, ಮಾತಿನಿಂದ ಪದಕ್ಕೆ ಏರುವ ಕ್ರಮ, ಎಲ್ಲವೂ ಕಂಪನಿ ನಾಟಕದಿಂದಲೇ ಬಂದವು. ಈ ಚಿತ್ರಗಳಲ್ಲಿ ಅವರ ಹಳೆಯ ಕಸುಬು ಇನ್ನೂ ಇಡಿಯಾಗಿ ಉಳಿದಿತ್ತು.

7. ಒಂದೇ ವರ್ಷದ ಎರಡು ಚಿತ್ರಗಳು

ಸೀಳಿಕೆ ನಡೆದದ್ದನ್ನು 1943ನೇ ಇಸವಿ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಆ ವರ್ಷದ ‘ರಾಮರಾಜ್ಯ’ ಪ್ರಕಾಶ್ ಪಿಕ್ಚರ್ಸ್‌ನ ಚಿತ್ರ. ಪ್ರೇಮ್ ಅದೀಬ್, ಶೋಭನಾ ಸಮರ್ಥ್ ಅವರಿದ್ದ ಅದರ ನಟವರ್ಗದಲ್ಲಿ ಅಮೀರಬಾಯಿ ಅವರೂ ಇದ್ದಾರೆ. ಗಾಂಧೀಜಿ ನೋಡಿದ ಚಿತ್ರವೆಂದು ಅದು ಪ್ರಸಿದ್ಧ. ಅದೇ ವರ್ಷ ಬಾಂಬೆ ಟಾಕೀಸ್ ತೆರೆಗೆ ತಂದದ್ದು ‘ಕಿಸ್ಮತ್’. ಗ್ಯಾನ್ ಮುಖರ್ಜಿ ನಿರ್ದೇಶನ, ಪ್ರದೀಪ್ ಗೀತೆಗಳು, ಅನಿಲ್ ಬಿಸ್ವಾಸ್ ಸಂಗೀತ. ನಾಯಕಿ ಮುಮ್ತಾಜ್ ಶಾಂತಿ. ಆಕೆಯ ಹಾಡುಗಳ ಕಂಠ ಅಮೀರಬಾಯಿ ಅವರದು. ಕಲ್ಕತ್ತದ ರಾಕ್ಸಿ ಚಿತ್ರಮಂದಿರದಲ್ಲಿ ಈ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಕ್ವಿಟ್ ಇಂಡಿಯಾ ಚಳವಳಿಯ ಬಿಸಿ ಆರದ ದಿನಗಳವು. ಅಮೀರಬಾಯಿ ಮತ್ತು ಖಾನ್ ಮಸ್ತಾನಾ ಮುಂದಾಳಾಗಿ ಹಾಡಿದ ಸಮೂಹಗೀತೆ, ಜರ್ಮನ್ನರು-ಜಪಾನಿಯರಿಗೆ ಹೇಳಿದ ಮಾತಿನ ವೇಷದಲ್ಲಿ ಸೆನ್ಸಾರಿನ ಕಣ್ಣು ತಪ್ಪಿಸಿ ಹೊರಬಂತು. ಕೇಳಿದವರಿಗೆ ಅದು ಯಾರಿಗೆ ಹೇಳಿದ್ದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮುಖ ತೋರಿಸಿ ನಟಿಸಿದ ಚಿತ್ರ ಒಂದು, ಕಂಠ ಮಾತ್ರ ಕೊಟ್ಟ ಚಿತ್ರ ಇನ್ನೊಂದು. ಜನ ಅವರನ್ನು ನೆನಪಿಟ್ಟದ್ದು ಎರಡನೆಯದರಿಂದ. ಮರುವರ್ಷ ನೌಷಾದ್ ಸಂಗೀತದ ‘ರತನ್’ ಬಂತು. ತೆರೆಯ ಮೇಲೆ ಸ್ವರ್ಣಲತಾ, ಹಾಡುಗಳಲ್ಲಿ ಜೋಹ್ರಾಬಾಯಿ ಮತ್ತು ಅಮೀರಬಾಯಿ. ಖೇಮಚಂದ್ ಪ್ರಕಾಶ್ ಸಂಗೀತದ ‘ಭರ್ತೃಹರಿ’ಯಲ್ಲಿ (1944) ಸುರೇಂದ್ರ ಅವರೊಡನೆ ಹಾಡಿದರು. ಗುಜರಾತಿಯ ‘ರಾಣಕದೇವಿ’ಗೆ (1946) ಹಾಡಿದ ಹಳ್ಳಿಯ ಧಾಟಿಯ ಗೀತೆಯನ್ನು ಗುಜರಾತಿಗಳು ಈಗಲೂ ತಮ್ಮದೆಂದೇ ಹಾಡುತ್ತಾರೆ. ‘ಶಹನಾಯಿ’ಗೆ (1947) ಸಿ. ರಾಮಚಂದ್ರ ಅಮೀರಬಾಯಿ ಅವರಿಂದ ಹಾಡಿಸಿದರು. ಹೀಗೆ ನಾಲ್ಕೈದು ವರ್ಷಗಳಲ್ಲಿ ಅವರ ಕೀರ್ತಿ ಏರಿದಷ್ಟೂ ಅವರ ಮುಖ ತೆರೆಯಿಂದ ದೂರವಾಯಿತು.

ಇದರಿಂದ ದಾಖಲೆಗೂ ತೊಂದರೆಯಾಯಿತು. ಆ ಕಾಲದ ಗ್ರಾಮಫೋನ್ ತಟ್ಟೆಗಳ ಲೇಬಲ್ ಮೇಲೆ ಗಾಯಕಿಯ ಹೆಸರು ಇರಲೇಬೇಕೆಂಬ ನಿಯಮವಿರಲಿಲ್ಲ. 1949ರ ‘ಮಹಲ್’ ಚಿತ್ರದ ಪ್ರಸಿದ್ಧ ಗೀತೆಯ ತಟ್ಟೆಯ ಮೇಲೆ ಲತಾ ಅವರ ಹೆಸರಿನ ಬದಲು ಪಾತ್ರದ ಹೆಸರಾದ ‘ಕಾಮಿನಿ’ ಎಂದು ಅಚ್ಚಾಗಿದ್ದುದು ಎಲ್ಲರೂ ಬಲ್ಲ ಉದಾಹರಣೆ. ನಟಿಯೇ ಹಾಡುತ್ತಾಳೆಂಬ ಹಳೆಯ ನಂಬಿಕೆ ತಂತ್ರ ಬದಲಾದ ಮೇಲೂ ಉಳಿದದ್ದರ ಫಲ ಅದು. ಅಮೀರಬಾಯಿ ಅವರ ಹಾಡುಗಳ ಪಟ್ಟಿ ಮಾಡುವವರು ಲೇಬಲನ್ನು ಮಾತ್ರ ನಂಬಿ ಕೂಡುವಂತಿಲ್ಲ.

8. ಎರಡು ಕಂಠ ಕೂಡಿದ ಒಂದು ತಟ್ಟೆ

‘ಲತಾ ಬಂದರು, ಅಮೀರಬಾಯಿ ಹೋದರು’ ಎಂಬ ಸರಳ ವಿವರಣೆಯನ್ನು ಪರೀಕ್ಷಿಸಲು ಇಬ್ಬರೂ ಕೂಡಿ ಹಾಡಿದ ಹಾಡನ್ನು ಕೇಳುವುದು ಒಳ್ಳೆಯದು. 1950ರ ‘ಸಮಾಧಿ’ ಚಿತ್ರಕ್ಕೆ ಸಿ. ರಾಮಚಂದ್ರ ಲ್ಯಾಟಿನ್ ಅಮೆರಿಕದ ಕುಣಿತದ ಲಯದಲ್ಲಿ ಹೊಸೆದ ಜೋಡಿಗೀತೆ ಅದು. ತೆರೆಯ ಮೇಲೆ ನಳಿನಿ ಜಯವಂತ್ ಮತ್ತು ಕುಲದೀಪ್ ಕೌರ್. ಹಿನ್ನೆಲೆಯಲ್ಲಿ ಲತಾ ಮತ್ತು ಅಮೀರಬಾಯಿ. ಲತಾ ಅವರ ದನಿ ಎತ್ತರದಲ್ಲಿ ತೆಳ್ಳಗೆ, ನೇರವಾಗಿ ಮೈಕಿನೊಳಗೆ ಇಳಿಯುತ್ತದೆ. ಒಂದು ಅಕ್ಷರದಿಂದ ಇನ್ನೊಂದಕ್ಕೆ ಹೋಗುವಾಗ ಗೆರೆ ಎಲ್ಲೂ ಒಡೆಯುವುದಿಲ್ಲ. ಅಮೀರಬಾಯಿ ಅವರ ದನಿಗೆ ತೂಕ ಹೆಚ್ಚು. ಪ್ರತಿ ಪದದ ಮೊದಲ ಅಕ್ಷರವನ್ನು ಒತ್ತಿ ಹಿಡಿಯುತ್ತಾರೆ, ಸಾಲಿನ ಕೊನೆಯಲ್ಲಿ ಮಾತಾಡುವ ಧಾಟಿಗೆ ಒಂದಿಷ್ಟು ವಾಲುತ್ತಾರೆ. ಎದುರಿಗೆ ಜನ ಕುಳಿತಿದ್ದಾರೆಂಬ ಅರಿವು ಆ ಹಾಡಿಕೆಯಲ್ಲಿದೆ. ಕುಂದೇನೂ ಕೇಳುವುದಿಲ್ಲ, ಆ ದನಿ ಬೇರೊಂದು ಕೆಲಸಕ್ಕೆ ಪಳಗಿದ್ದು ಅಷ್ಟೇ.

ಮೈಕಿನ ಎದುರು ದೊಡ್ಡ ಗಂಟಲು ಬೇಕಾಗಿಲ್ಲ. ತುಟಿ ಆಡಿಸುವವರು ಬೇರೆಯಾದ ಮೇಲೆ ಕಂಠದಲ್ಲಿ ಗಾಯಕಿಯ ಸ್ವಂತ ವ್ಯಕ್ತಿತ್ವ ಎದ್ದು ಕಂಡಷ್ಟೂ ತೊಡಕು. ಹತ್ತು ಮುಖಗಳಿಗೆ ಹೊಂದುವ ದನಿ ಬೇಕು. ನಟಿಯಾಗಿ ಬೆಳೆದ ಗಾಯಕಿ ಹಾಡಿನೊಳಗೆ ತಾನೇ ನಟಿಸಿಬಿಡುತ್ತಾಳೆ. ಕಂಪನಿ ರಂಗದ ಮೇಲೆ ಮೆಚ್ಚುಗೆ ತಂದ ಅದೇ ಗುಣ ರೆಕಾರ್ಡಿಂಗ್ ಕೋಣೆಯಲ್ಲಿ ಹೆಚ್ಚಾಯಿತು. ದೇಶ ಇಬ್ಭಾಗವಾದಾಗ ಹಾಡುವ ನಟಿ ನೂರ್‌ಜಹಾನ್ ಪಾಕಿಸ್ತಾನಕ್ಕೆ ಹೋದರು. ಸುರೈಯಾ ಇನ್ನು ಕೆಲವು ವರ್ಷ ನಟಿಸುತ್ತ ಹಾಡಿದರು. ಹಾಡುವ ನಟಿ ಎಂಬ ಕಸುಬು ಅವರೊಂದಿಗೆ ಹಿಂದಿಯಲ್ಲಿ ಹೆಚ್ಚುಕಡಿಮೆ ಮುಗಿಯಿತು.

9. ಸಂಗೀತ ನಿರ್ದೇಶನ, ಪೋಷಕ ಪಾತ್ರ, ಬಿಜಾಪುರ

1948ರ ‘ಶಹನಾಜ್’ ಚಿತ್ರಕ್ಕೆ ಅಮೀರಬಾಯಿ ಸಂಗೀತ ನಿರ್ದೇಶನ ಮಾಡಿದರು. 1935ರಲ್ಲಿ ಜದ್ದನ್‌ಬಾಯಿ, ಸರಸ್ವತಿ ದೇವಿ ಈ ಕೆಲಸಕ್ಕೆ ಕೈ ಹಾಕಿದ್ದರಾದರೂ, ಹೆಣ್ಣೊಬ್ಬಳು ಸಂಗೀತ ನಿರ್ದೇಶಕಿಯಾಗುವುದು ಆಗಲೂ ಅಪರೂಪ. ಇದನ್ನು ಅವರ ವೃತ್ತಿಯ ಅಡಿಟಿಪ್ಪಣಿಯಾಗಿ ಇಡುವುದು ವಾಡಿಕೆ. ರಾಗ, ಲಯ, ಸನ್ನಿವೇಶಗಳನ್ನು ಒಟ್ಟಿಗೆ ಬಲ್ಲ ರಂಗನಟಿಗೆ ಸಹಜವಾದ ಮುಂದಿನ ಹೆಜ್ಜೆ ಎಂದು ಓದಿದರೆ ಅದಕ್ಕೆ ಸರಿಯಾದ ಜಾಗ ಸಿಗುತ್ತದೆ.

ಖಳನಟ ಹಿಮಾಲಯವಾಲಾ ಅವರೊಂದಿಗಿನ ದಾಂಪತ್ಯ ಸುಖದ್ದಾಗಿರಲಿಲ್ಲ; ಅದು ಮುರಿದುಬಿತ್ತು. ಅವರು ಪಾಕಿಸ್ತಾನಕ್ಕೆ ಹೋದರು, ಅಮೀರಬಾಯಿ ಇಲ್ಲಿಯೇ ಉಳಿದರು. ಹಾಡುವ ಅವಕಾಶ ಕಡಿಮೆಯಾದಂತೆ ಮತ್ತೆ ನಟನೆಗೆ ಮರಳಿದರು. ತಾಯಿ, ಹಿರಿಯ ಹೆಂಗಸು ಮುಂತಾದ ಪೋಷಕ ಪಾತ್ರಗಳು. ಮೊದಲು ಮುಖ-ಕಂಠ ಎರಡೂ, ಆಮೇಲೆ ಕಂಠ ಮಾತ್ರ, ಕೊನೆಗೆ ಮುಖ ಮಾತ್ರ ಎಂಬ ಈ ಮೂರು ಘಟ್ಟಗಳು ಅವರ ಚಿತ್ರಪಟ್ಟಿಯನ್ನು ಕಾಲಾನುಕ್ರಮದಲ್ಲಿ ಇಟ್ಟರೆ ತಾವಾಗಿಯೇ ಎದ್ದು ಕಾಣುತ್ತವೆ.

ಗಳಿಸಿದ ಹಣದಲ್ಲಿ ಒಂದು ಭಾಗವನ್ನು ಅವರು ಊರಿನ ಕಡೆಗೆ ತಂದರು. ಬಿಜಾಪುರದಲ್ಲಿ ಅವರು ಕಟ್ಟಿಸಿದ ಚಿತ್ರಮಂದಿರ ‘ಅಮೀರ್ ಟಾಕೀಜ್’. ಮಹಾಕೂಟದ ಕಂಬದ ಮೇಲೆ ದಾನಿಯ ಹೆಸರು ಕಂಡರಿಸಿದ್ದಕ್ಕೂ ಇದಕ್ಕೂ ಉದ್ದೇಶದಲ್ಲಿ ವ್ಯತ್ಯಾಸವಿದೆ: ಅದು ಪುಣ್ಯ, ಇದು ವ್ಯಾಪಾರ. ಆದರೂ ಕಲಾವಿದೆಯೊಬ್ಬಳು ತನ್ನ ಗಳಿಕೆಯನ್ನು ಕಟ್ಟಡದಲ್ಲಿ ತೊಡಗಿಸಿ ತನ್ನ ಹೆಸರನ್ನೇ ಅದರ ಮೇಲಿಟ್ಟದ್ದು ದಾಖಲೆಯ ದೃಷ್ಟಿಯಿಂದ ಒಂದೇ ಜಾತಿಯ ಸಾಕ್ಷ್ಯ. ಸಿನಿಮಾದ ಹೆಸರುಪಟ್ಟಿ ಅವರನ್ನು ಹಾಡುಗಾರ್ತಿಯರ ಸಾಲಿನಲ್ಲಿ ಸೇರಿಸಿತು. ಈ ಕಟ್ಟಡ ಅವರನ್ನು ಒಡತಿ ಎಂದು ದಾಖಲಿಸಿತು. ಆ ಕಾಲದ ಎಷ್ಟು ಗಾಯಕಿಯರಿಗೆ ಆ ಸ್ಥಾನ ಸಿಕ್ಕಿತೆಂದು ಕೇಳಿಕೊಂಡರೆ ಇದರ ಬೆಲೆ ತಿಳಿಯುತ್ತದೆ. 1965ರಲ್ಲಿ ಪಾರ್ಶ್ವವಾಯು ಬಡಿದು ಅವರು ತೀರಿಕೊಂಡಾಗ ಮಣ್ಣಾದದ್ದೂ ಬಿಜಾಪುರದಲ್ಲಿಯೇ.

10. ಮುಂದಿನ ಕೆಲಸ

ಮೇಲಿನ ಚರ್ಚೆಯಿಂದ ಮೂರು ಮಾತು ಹೊರಡುತ್ತವೆ. ಒಂದು, ಅಮೀರಬಾಯಿ ಅವರ ಚಿತ್ರಪಟ್ಟಿಯನ್ನು ‘ನಟನೆ’, ‘ಗಾಯನ’ ಎಂದು ಎರಡು ಪಟ್ಟಿ ಮಾಡಿ ಇಡುವ ಈಗಿನ ಪದ್ಧತಿ ಬಿಡಬೇಕು. ಒಂದೇ ಪಟ್ಟಿಯಲ್ಲಿ ಪ್ರತಿ ಚಿತ್ರದ ಎದುರು ತೆರೆಯ ಮೇಲಿದ್ದರೇ, ಹಾಡಿದರೇ, ಹಾಡಿದ್ದರೆ ತಮಗಾಗಿಯೋ ಇನ್ನೊಬ್ಬ ನಟಿಗಾಗಿಯೋ ಎಂಬ ಮೂರು ಅಂಕಣ ಬೇಕು. ಹಾಗೆ ಮಾಡಿದಾಗ ಹಾಡುವ ನಟಿಯ ಕಸುಬು ಯಾವ ವರ್ಷ, ಯಾವ ಸ್ಟುಡಿಯೋದಲ್ಲಿ ಒಡೆಯಿತು ಎಂಬುದನ್ನು ಚಿತ್ರ ಹಿಡಿದು ಹೇಳಬಹುದು. ಎರಡು, ಅವರ ಕನ್ನಡದ ಹಾಡುಗಾರಿಕೆಯನ್ನು ಹಿಂದಿ ಕೀರ್ತಿಯ ಬಾಲವೆಂದು ನೋಡದೆ, ಉತ್ತರ ಕರ್ನಾಟಕದ ರಂಗಗೀತೆಯ ಧ್ವನಿಮುದ್ರಣದ ಭಾಗವಾಗಿ ಓದಬೇಕು. ಮೂರು, ಬೀಳಗಿ ಸೋದರಿಯರ ಬದುಕನ್ನು ಒಟ್ಟಾಗಿ ಬರೆಯಬೇಕು. ಅಕ್ಕ ರಂಗದ ಮೇಲೆ ಮುಖ ತೋರಿಸಿ ಹಾಡಲು ಹೋಗಿ ಟೀಕೆಗೆ ಗುರಿಯಾದರು. ತಂಗಿ ಮುಖ ಮರೆಸಿ ಹಾಡಿದಾಗ ದೇಶವೇ ಕಿವಿಗೊಟ್ಟಿತು. ಹೆಣ್ಣಿನ ದನಿ ಬೇಕು, ಆ ದನಿಯ ಒಡತಿ ಎದುರಿಗೆ ಬರುವುದು ಬೇಡ ಎಂಬ ಕಾಲದ ಮನಸ್ಸನ್ನು ಇವರಿಬ್ಬರಲ್ಲಿ ಒಬ್ಬರ ಕತೆ ಮಾತ್ರ ಪೂರ್ತಿಯಾಗಿ ಹೇಳಲಾರದು.

ಕೋಶಕಾರರಿಗೆ ಇಷ್ಟು ಸಾಕು: ಅಮೀರಬಾಯಿ ಕರ್ನಾಟಕಿ, ಬೀಳಗಿ, ರಂಗ ಮತ್ತು ಚಿತ್ರದ ಹಾಡುವ ನಟಿ, ಸಂಗೀತ ನಿರ್ದೇಶಕಿ, ಚಿತ್ರಮಂದಿರದ ಒಡತಿ, ಗೋಹರಬಾಯಿಯ ತಂಗಿ. ‘ಹಿನ್ನೆಲೆ ಗಾಯಕಿ’ ಎಂಬುದು ಈ ಸಾಲಿನ ನಂತರ ಬರಬೇಕಾದ ವಿವರ.